ಗಂಟಲ ಶಸ್ತ್ರಚಿಕಿತ್ಸೆಯೂ ದೂರದ ಗುರುವೂ

ಕ್ಯಾನ್ಸರಿಗೆ ತುತ್ತಾದ ಧ್ವನಿಪೆಟ್ಟಿಗೆಯನ್ನು ಪೂರ್ಣವಾಗಿ ತೆಗೆಯುವ ವಿದ್ಯೆಯು 1873ರಲ್ಲಿ ವಿಯೆನ್ನಾ ನಗರದ ಬಿಲ್‌ರೋತ್ ಪಂಡಿತನಿಂದ ಮೊದಲುಗೊಂಡಿತು. ಆದರೆ ಪ್ರಾಣವುಳಿದ ಮಾತ್ರಕ್ಕೆ ಬಾಳು ಮರಳಿತೆನ್ನಲಾಗದು. ಮಾತೂ ತುತ್ತೂ ಬಹುದಿನದ ಅಭ್ಯಾಸದಿಂದ ಮರಳಿ ಬರತಕ್ಕವುಗಳು.

ಈ ಚಿಕಿತ್ಸೆಯ ಮೇಲೆ ರೋಗಿಯು ಕುತ್ತಿಗೆಯ ರಂಧ್ರದಿಂದ ಉಸಿರಾಡುವನು. ಉಸಿರು ಬಾಯಿಗೆ ಬಾರದುದರಿಂದ ನಾಲಗೆ ತುಟಿಗಳು ಕ್ಷೇಮವಾಗಿದ್ದರೂ ಸ್ವರ ಹುಟ್ಟದು. ಅನ್ನನಾಳಕ್ಕೆ ಗಾಳಿಯೆಳೆದು ಹೊರಬಿಟ್ಟು ನುಡಿಯುವುದು ಒಂದು ಮಾರ್ಗ; ಕುತ್ತಿಗೆಗೊತ್ತುವ ವಿದ್ಯುದ್ಯಂತ್ರ ಮತ್ತೊಂದು; ಶ್ವಾಸನಾಳ ಅನ್ನನಾಳಗಳ ನಡುವೆ ಇಡುವ ಕಿರುಕವಾಟ ಮೂರನೆಯದು. ಬೆಂಗಳೂರಿನ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಅವರು ಸ್ನೇಹಿತರೊಬ್ಬರೊಡನೆ ರೂಪಿಸಿದ 'ಓಂ' ಕವಾಟವು ಸುಮಾರು 50 ರೂಪಾಯಿಯದೆಂದು ಪ್ರಸಿದ್ಧವಾಯಿತು. ಕವಾಟವು ಅಗ್ಗವಾದರೂ ಅದನ್ನು ಬಳಸಲು ಕಲಿಸುವ ಗುರು ಬೇಕಷ್ಟೆ.

ಆ ಗುರುಗಳು ದೊಡ್ಡ ಪಟ್ಟಣಗಳಲ್ಲಿರುವರು. ರೋಗಿಯಾದರೋ ದೂರದ ಹಳ್ಳಿಯವನು. ಬಸ್ಸಿನ ಖರ್ಚು, ಕಳೆದ ದಿನಗೂಲಿ ಇವುಗಳಿಗಂಜಿ ಅವನು ಅಭ್ಯಾಸವನ್ನೇ ಬಿಡುವನು. ಈ ಕೊರತೆಯನ್ನು ಚಿತ್ರಸಹಿತವಾದ ಫೋನು ಬಹುಮಟ್ಟಿಗೆ ನೀಗಿಸಬಲ್ಲುದು. ಮಾತಿಲ್ಲದವನು ಬರೆದು ತೋರಿಸಿಯಾದರೂ ಪ್ರಶ್ನಿಸಬಹುದು. ಬಣ್ಣದ ನೀರನ್ನು ಕುಡಿಸಿ, ರಂಧ್ರದ ಬಳಿ ಕವಾಟವು ಸೋರುವುದೇ ಎಂದು ಗುರುವು ನೋಡಬಹುದು. ಧ್ವನಿಪೆಟ್ಟಿಗೆಯ ಭಾಗವನ್ನಷ್ಟೇ ಕಳೆದುಕೊಂಡವನಿಗೆ ಉಸಿರು ಹಿಡಿದು ನುಂಗಿ, ಒಡನೆ ಕೆಮ್ಮಿ, ಮತ್ತೆ ನುಂಗುವ ಕ್ರಮವನ್ನು ತಿದ್ದಬಹುದು. ಮನೆಯವರೂ ಜೊತೆಗೆ ಕಲಿಯುವರು.

ಆದರೆ ಇದಕ್ಕೆ ಮೇರೆಯುಂಟು. ಕೆಲವರಲ್ಲಿ ಆಹಾರವು ಕೆಮ್ಮನ್ನೂ ಎಬ್ಬಿಸದೆ ಶ್ವಾಸನಾಳಕ್ಕೆ ಜಾರಿ ನ್ಯುಮೋನಿಯಾ ತರುವುದುಂಟು. ಇದು ಫೋನಿನ ತೆರೆಯಲ್ಲಿ ಕಾಣದು. ಆದುದರಿಂದ ಮೊದಲು ಆಸ್ಪತ್ರೆಯಲ್ಲಿ ಕ್ಷಕಿರಣ ಅಥವಾ ದರ್ಶಕನಳಿಕೆಯಿಂದ ಪರೀಕ್ಷೆಯಾಗಬೇಕು. ಸೋರುವ ಕವಾಟವನ್ನು ಬದಲಿಸುವುದಕ್ಕೂ ವೈದ್ಯನ ಕೈಯೇ ಬೇಕು.

ದೂರವೈದ್ಯಕ್ಕೆ ಭಾರತ ಸರ್ಕಾರದವರು 2020ರ ಮಾರ್ಚಿಯಲ್ಲಿಯೇ ನಿಯಮಗಳನ್ನು ಪ್ರಕಟಿಸಿರುವರು. ವಾಕ್ ಶ್ರವಣಗಳಿಗೆಂದೇ 1960ರ ದಶಕದಲ್ಲಿ ಸ್ಥಾಪಿತವಾದ ಅಖಿಲ ಭಾರತ ಸಂಸ್ಥೆಯು ನಮ್ಮ ಮೈಸೂರಿನಲ್ಲಿಯೇ ಇದೆ. ನಿಯಮವೂ ವಿದ್ಯೆಯೂ ಇರುವಲ್ಲಿ ಉಳಿದುದು ಏರ್ಪಾಡೊಂದೇ. ತಾಲ್ಲೂಕು ಆಸ್ಪತ್ರೆಗೊಂದು ಗದ್ದಲವಿಲ್ಲದ ಕೋಣೆ, ನಿಲುಗಡೆಯಿಲ್ಲದ ಸಂಪರ್ಕ, ಬಳಿಯಲ್ಲಿ ನಿಲ್ಲಲು ತರಬೇತಾದ ದಾದಿಯೊಬ್ಬಳು—ಇಷ್ಟನ್ನು ಒದಗಿಸುವುದು ಅಧಿಕಾರಿಗಳಿಗೆ ಅಸಾಧ್ಯವಲ್ಲ. ಅಹವಾಲು ಹೇಳಿಕೊಳ್ಳಲು ಕಂಠವೇ ಇಲ್ಲದವರ ಪರವಾಗಿ, ಕಂಠವುಳ್ಳವರು ಇದನ್ನು ಕೇಳಬೇಕಾಗಿದೆ.