ನರದ ಉರಿ ಮತ್ತು ಕಡಲ ಹುಳುವಿನ ವಿಷ

ಶಹಾಬಾದ, ವಾಡಿಯ ಕಲ್ಲುಗಣಿಗಳಲ್ಲಿ ದುಡಿದು ಹಣ್ಣಾದವರೂ ಸೇಡಂ, ಚಿತ್ತಾಪುರ, ಚಿಂಚೋಳಿಯ ತೊಗರಿ ಬೆಳೆಗಾರರೂ ನನ್ನಲ್ಲಿ ತೋಡಿಕೊಳ್ಳುವ ನೋವು ಒಂದೇ: “ಡಾಕ್ಟರ್ ಸಾಹೇಬ್ರ, ಅಂಗಾಲು ಬೆಂಕಿ ಹತ್ತಿದಂಗ ಉರೀತಾವ್ರಿ.” ಆಯುರ್ವೇದದಲ್ಲಿ ಇದಕ್ಕೆ ಪಾದದಾಹವೆಂದು ಹೆಸರು. ಬಹಳ ಮಂದಿಯಲ್ಲಿ ಇದರ ಮೂಲ, ಮಧುಮೇಹದಿಂದ ಕೆಟ್ಟ ನರ.

“ಪೆಪ್ಟೈಡ್ ಇಂಜೆಕ್ಷನ್ ಬಂದದಂತಲ್ರಿ?” ಎಂದು ಈಚೆಗೆ ಕೆಲವರು ಕೇಳುತ್ತಾರೆ. ಸುದ್ದಿ ಪೂರ್ತಿ ಸುಳ್ಳಲ್ಲ. ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಕಿರುಸರ. ಶಂಕುವಿನಾಕಾರದ ಚಿಪ್ಪುಳ್ಳ ಕಡಲ ಬಸವನಹುಳುವೊಂದು ವಿಷ ಚುಚ್ಚಿ ಮೀನನ್ನು ನಿಶ್ಚೇಷ್ಟಗೊಳಿಸುತ್ತದೆ. ಆ ವಿಷದಲ್ಲಿರುವ 25 ಮಣಿಗಳ ಸರವೊಂದನ್ನು ಪ್ರಯೋಗಾಲಯದಲ್ಲಿ ಪೋಣಿಸಿದ್ದೇ ‘ಜಿಕೊನೊಟೈಡ್’. ಬೆನ್ನುಹುರಿಯಲ್ಲಿ ನೋವಿನ ಸಂದೇಶ ದಾಟಲು ಬೇಕಾದ ಕ್ಯಾಲ್ಸಿಯಂ ದ್ವಾರವನ್ನು ಅದು ಮುಚ್ಚುತ್ತದೆ. ಅಮೆರಿಕ 2004ರಲ್ಲಿ ಅದಕ್ಕೆ ಅನುಮತಿ ನೀಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಲರಾಮ್ ಅವರ ತಂಡವೂ ನಮ್ಮ ದೇಶದ ಕರಾವಳಿಯ ಇಂಥ ಹುಳುಗಳ ಪೆಪ್ಟೈಡ್‌ಗಳನ್ನು ಅಭ್ಯಸಿಸಿದೆ.

ಆದರೆ ಇದು ತೋಳಿಗೆ ಚುಚ್ಚುವ ಮದ್ದಲ್ಲ. ನುಂಗಿದರೆ ಜಠರವೇ ಅದನ್ನು ಜೀರ್ಣಿಸಿಬಿಡುತ್ತದೆ. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಪಂಪಿನಿಂದ ಹನಿಹನಿಯಾಗಿ ಹರಿಸಬೇಕು. ಆಗಲೂ ಬುದ್ಧಿಭ್ರಮೆಯ ಅಪಾಯವುಂಟು. ಬೇರಾವ ಔಷಧಕ್ಕೂ ಬಗ್ಗದ ತೀವ್ರ ನೋವಿಗಷ್ಟೇ ಅದು ಮೀಸಲು. ಅಂಗಾಲುರಿಗೆಂದು ಆ ಹೆಸರಿನ ಸೂಜಿಯನ್ನು ಯಾರಾದರೂ ಮಾರಲು ಬಂದರೆ ಕೊಳ್ಳದಿರಿ.

ನಾನು ಕೊಡುವ ಎಣ್ಣೆಯಿಂದ ಅಂಗಾಲಿಗೆ ಹಿತವೆನಿಸೀತು, ಸಕ್ಕರೆ ಇಳಿಯದು. ಆಯುರ್ವೇದದ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ. ಸಕ್ಕರೆಯ ಗುಳಿಗೆ ಬಿಡಬೇಡಿ. ನಿತ್ಯ ಮಲಗುವ ಮುನ್ನ ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡಿಕೊಳ್ಳಿ, ಬಗ್ಗಲಾಗದಿದ್ದರೆ ಮನೆಯವರಿಂದ ನೋಡಿಸಿ. ಉರಿ ತಾನಾಗಿ ನಿಂತರೆ ಹಿಗ್ಗಬೇಡಿ, ನರ ಮರಗಟ್ಟಿರಬಹುದು. ಜಾತ್ರೆಯ ಬಿಸಿಲಲ್ಲಿ ಕಾದ ಫರಸಿಯ ಮೇಲೆ ಬರಿಗಾಲಲ್ಲಿ ನಡೆದ ಹಿರಿಯರೊಬ್ಬರಿಗೆ, ಮೂರನೆಯ ದಿನ ಸೊಸೆ ಕಂಡು ಹೇಳುವವರೆಗೆ, ಅಂಗಾಲಲ್ಲಿ ಬೊಬ್ಬೆ ಎದ್ದುದೇ ತಿಳಿದಿರಲಿಲ್ಲ.