ಬಡ ಕಕ್ಷಿಗಾರನೂ ಕಾನೂನು ಸ್ವಯಂಸೇವಕನ ಶಿಕ್ಷಣವೂ

ತನಗೊಂದು ಹಕ್ಕುಂಟೆಂಬುದನ್ನೇ ಅರಿಯದವನು, ಕೇಳಲಿಲ್ಲವೆಂಬ ಕಾರಣದಿಂದ ಆ ಹಕ್ಕನ್ನು ಕಳೆದುಕೊಳ್ಳುವನೆ? ಅರುಣಾಚಲ ಪ್ರದೇಶದ ಸುಕ್‌ದಾಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ ಎದುರಿಸಿದ ಪ್ರಶ್ನೆ ಇದು. ಬೆದರಿಕೆಯ ಆಪಾದನೆಯ ಮೇಲೆ ಆರೋಪಿಗೆ ಎರಡು ವರ್ಷಗಳ ಕಾರಾಗೃಹವಾಸ ವಿಧಿಸಲಾಗಿದ್ದಿತು. ವಿಚಾರಣೆಯ ಕಾಲದಲ್ಲಿ ಅವನ ಪರವಾಗಿ ವಕೀಲರಿರಲಿಲ್ಲ. ಸರ್ಕಾರದ ವೆಚ್ಚದಲ್ಲಿ ವಕೀಲರನ್ನು ಪಡೆಯಬಹುದೆಂದು ಅವನಿಗೆ ಯಾರೂ ತಿಳಿಸಿರಲಿಲ್ಲ. ಅವನು ಅರ್ಜಿ ಸಲ್ಲಿಸಲಿಲ್ಲವಾದುದರಿಂದ ವಿಚಾರಣೆಯಲ್ಲಿ ದೋಷವಿಲ್ಲವೆಂದು ಗುವಾಹಟಿ ಉಚ್ಚ ನ್ಯಾಯಾಲಯವು ಭಾವಿಸಿದ್ದಿತು. ಮುಖ್ಯ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಈ ವಾದವನ್ನು ಒಪ್ಪಲಿಲ್ಲ. ಅಕ್ಷರವನ್ನೂ ಹಕ್ಕನ್ನೂ ಅರಿಯದ ಜನರು ಬಹುಸಂಖ್ಯಾತರಾಗಿರುವ ದೇಶದಲ್ಲಿ, ಕೇಳಿದವರಿಗೆ ಮಾತ್ರ ನೆರವೆಂದರೆ ಆ ನೆರವು ಹೆಸರಿಗಷ್ಟೇ ಉಳಿಯುವುದೆಂಬುದು ಅವರ ತೀರ್ಪಿನ ತಿರುಳು. ಶಿಕ್ಷೆ ರದ್ದಾಯಿತು.

ಬಡವರಿಗೆ ಕಾನೂನಿನ ನೆರವು ಎಂಬ ವಿಷಯವನ್ನು ನಾವು ಸಾಮಾನ್ಯವಾಗಿ ವಕೀಲರ ಔದಾರ್ಯದ ದೃಷ್ಟಿಯಿಂದ ನೋಡುತ್ತೇವೆ. ಮೇಲಿನ ಮೊಕದ್ದಮೆಯನ್ನು ಗಮನಿಸಿದರೆ, ಕೊರತೆಯಿರುವುದು ವಕೀಲರಲ್ಲಿ ಮಾತ್ರವಲ್ಲ, ವಕೀಲರವರೆಗೆ ಹೋಗುವ ದಾರಿಯಲ್ಲಿ ಎಂಬುದು ತಿಳಿಯುತ್ತದೆ. ಆ ದಾರಿಯಲ್ಲಿ ನಿಲ್ಲಬೇಕಾದವನೇ ಕಾನೂನು ಸ್ವಯಂಸೇವಕ. ಅವನಿಗೆ ಏನನ್ನು ಕಲಿಸಬೇಕೆಂಬುದೇ ಈ ಲೇಖನದ ವಿಷಯ.

ಶಾಸನದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೆಯ ಆದೇಶವು ನಿರ್ಗತಿಕನಿಗೆ ನ್ಯಾಯಾಲಯದ ಶುಲ್ಕವಿಲ್ಲದೆ ದಾವೆ ಹೂಡಲು ಅವಕಾಶವಿತ್ತಿತು, ವಕೀಲರನ್ನು ಕೊಡಲಿಲ್ಲ. ಆ ನ್ಯೂನತೆಯು 1976ರ ತಿದ್ದುಪಡಿಯಿಂದ ನೀಗಿತು. ಸಂವಿಧಾನದ 39-ಎ ಅನುಚ್ಛೇದವೂ ಅದೇ ವರ್ಷದ 42ನೆಯ ತಿದ್ದುಪಡಿಯ ಫಲ. 1979ರಲ್ಲಿ ಬಿಹಾರದ ಕಾರಾಗೃಹಗಳ ವಿಚಾರಣಾಧೀನ ಬಂದಿಗಳ ದುಃಸ್ಥಿತಿಯನ್ನು ವೃತ್ತಪತ್ರಿಕೆಯ ಲೇಖನಗಳಿಂದ ತಿಳಿದ ನ್ಯಾಯವಾದಿ ಕಪಿಲಾ ಹಿಂಗೋರಾಣಿಯವರು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಅಪರಾಧ ಸಿದ್ಧವಾಗಿದ್ದರೆ ವಿಧಿಸಬಹುದಾಗಿದ್ದ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲ ಸೆರೆಯಲ್ಲಿದ್ದವರು ಆ ಬಂದಿಗಳಲ್ಲಿದ್ದರು. ಹುಸೈನಾರಾ ಖಾತೂನ್ ಪ್ರಕರಣವೆಂದು ಪ್ರಸಿದ್ಧವಾದ ಇದರಲ್ಲಿ ಉಚಿತ ಕಾನೂನು ನೆರವು 21ನೆಯ ಅನುಚ್ಛೇದದಲ್ಲಿಯೇ ಅಡಕವಾಗಿದೆಯೆಂದು ನಿರ್ಣಯವಾಯಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮವು 1995ರ ನವೆಂಬರ್ 9ರಂದು ಜಾರಿಗೆ ಬಂದಿತು.

ಈ ಅಧಿನಿಯಮದ 12ನೆಯ ಪ್ರಕರಣವನ್ನು ವಿದ್ಯಾರ್ಥಿಗಳು ಗಮನವಿಟ್ಟು ಓದಬೇಕು. ನೆರವು ಬಡವರಿಗೆ ಮಾತ್ರವೆಂಬ ತಿಳಿವಳಿಕೆ ವಿದ್ಯಾವಂತರಲ್ಲಿಯೂ ಉಂಟು. ಆದರೆ ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡಗಳವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ನೆರೆ ಬರಗಳಂತಹ ವಿಪತ್ತಿಗೆ ಸಿಲುಕಿದವರು—ಇವರಿಗೆ ವರಮಾನದ ಮಿತಿಯೇ ಇಲ್ಲ. ಮಿತಿಯಿರುವುದು ಉಳಿದವರಿಗೆ. ಈ ಒಂದು ಸಂಗತಿಯನ್ನು ತಿಳಿಯದೆ ಸಾಲ ಮಾಡಿ ವಕೀಲರಿಗೆ ಶುಲ್ಕ ತೆರುವ ಹೆಂಗಸರು ನಮ್ಮ ತಾಲ್ಲೂಕುಗಳಲ್ಲಿ ಇಂದಿಗೂ ಇದ್ದಾರೆ. ಪ್ರತಿ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿಯೇ ಕಾನೂನು ಸೇವಾ ಸಮಿತಿಯೊಂದಿರಬಹುದು. ಆದರೆ ಹಳ್ಳಿಯಿಂದ ಬಂದವನಿಗೆ ಮೊದಲು ಕಾಣುವವನು ಕಚೇರಿಯ ಹೊರಗೆ ಕುಳಿತ ಅರ್ಜಿ ಬರೆಯುವವನು, ಇಲ್ಲವೆ ದಲ್ಲಾಳಿ.

ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರವು 2009ರಲ್ಲಿ ರೂಪಿಸಿದ ಸ್ವಯಂಸೇವಕರ ಯೋಜನೆಯು ಈ ಅಂತರವನ್ನು ತುಂಬಲೆಂದೇ ಹುಟ್ಟಿದುದು. ಉಪಾಧ್ಯಾಯರು, ಅಂಗನವಾಡಿ ಕಾರ್ಯಕರ್ತೆಯರು, ನಿವೃತ್ತ ನೌಕರರು, ಕಾನೂನು ವಿದ್ಯಾರ್ಥಿಗಳು ಮುಂತಾದವರನ್ನು ಆರಿಸಿ ತರಬೇತು ಮಾಡಬಹುದು. ದೀರ್ಘಕಾಲದ ಶಿಕ್ಷೆ ಅನುಭವಿಸುತ್ತಿರುವ ಸನ್ನಡತೆಯ ವಿದ್ಯಾವಂತ ಬಂದಿಗಳೂ ಇದರಲ್ಲಿ ಸೇರಿರುವುದು ವಿಶೇಷ. ಸೆರೆಮನೆಯೊಳಗಿನ ಸಂಕಟವನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ತರಬೇತಿಯ ವಿಚಾರದಲ್ಲಿ ನಮ್ಮ ಅಭಿಪ್ರಾಯ ರೂಢಿಗಿಂತ ಸ್ವಲ್ಪ ಭಿನ್ನವಾಗಿದೆ. ಸಂವಿಧಾನ, ಕುಟುಂಬ ಕಾನೂನು, ಕಾರ್ಮಿಕ ಕಾನೂನು ಎಂದು ಒಂದರ ಹಿಂದೊಂದು ಉಪನ್ಯಾಸವನ್ನಿತ್ತರೆ ಸ್ವಯಂಸೇವಕನ ನಾಲಗೆಯ ಮೇಲೆ ಪ್ರಕರಣಗಳ ಸಂಖ್ಯೆಗಳು ನಿಲ್ಲಬಹುದು. ‘ಅಲ್ಪವಿದ್ಯಾ ಮಹಾಗರ್ವಿ’ ಎಂಬ ಗಾದೆ ನಮ್ಮಲ್ಲಿಯೇ ಉಂಟಷ್ಟೆ. ಅವನು ಮೊದಲು ಕಲಿಯಬೇಕಾದುದು ಕಾಗದವನ್ನು ಓದುವ ವಿದ್ಯೆ, ಅದರಲ್ಲಿಯೂ ದಿನಾಂಕವನ್ನು ಓದುವ ವಿದ್ಯೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮನೆಯ ನಿವೇಶನದ ಬಗ್ಗೆ ದಾಯಾದಿಯೊಬ್ಬನು ಹೂಡಿದ ದಾವೆಯ ಸಮನ್ಸು ವಿಧವೆಯೊಬ್ಬಳ ಕೈಸೇರುತ್ತದೆ. ‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಮಾತನ್ನು ಕೇಳುತ್ತ ಬೆಳೆದವಳು ಅವಳು. ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗುತ್ತಾಳೆ. ಕಾನೂನು ಸುಮ್ಮನಾಗುವುದಿಲ್ಲ. ಸಮನ್ಸು ಜಾರಿಯಾದ 30 ದಿನಗಳೊಳಗೆ ಅವಳು ಲಿಖಿತ ಹೇಳಿಕೆಯನ್ನು ಸಲ್ಲಿಸಬೇಕು. ತಕ್ಕ ಕಾರಣವಿದ್ದರೆ ನ್ಯಾಯಾಲಯವು ಇದನ್ನು 90 ದಿನಗಳವರೆಗೆ ಬೆಳೆಸಬಹುದು. ಹಾಜರಾಗದೆ ಹೋದರೆ ಏಕಪಕ್ಷೀಯ ಡಿಕ್ರಿಯಾಗುತ್ತದೆ. ಅದನ್ನು ತೆಗೆದುಹಾಕಿಸಲು 1963ರ ಕಾಲಮಿತಿ ಅಧಿನಿಯಮವು ಕೊಡುವುದು ಡಿಕ್ರಿಯ ದಿನದಿಂದ 30 ದಿನಗಳು. ಸಮನ್ಸು ಕ್ರಮವಾಗಿ ಜಾರಿಯಾಗದಿದ್ದಲ್ಲಿ ಮಾತ್ರ ಡಿಕ್ರಿಯ ವಿಷಯ ತಿಳಿದ ದಿನದಿಂದ ಎಣಿಕೆ. ಆದುದರಿಂದ ‘ಈ ಕಾಗದ ನಿಮ್ಮ ಕೈಗೆ ಬಂದುದು ಎಂದು? ತಂದುಕೊಟ್ಟವರು ಯಾರು? ಎಲ್ಲಿ ಸಹಿ ಮಾಡಿಸಿಕೊಂಡರು?’ ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಅವಳ ಮಾತಿನಲ್ಲಿಯೇ ಬರೆದು, ಅಂದೇ ತಾಲ್ಲೂಕು ಸಮಿತಿಗೆ ಕರೆದೊಯ್ಯುವವನು ಇಡೀ ಆಸ್ತಿ ಕಾನೂನನ್ನು ವಿವರಿಸುವವನಿಗಿಂತ ಹೆಚ್ಚಿನ ಉಪಕಾರ ಮಾಡಿರುತ್ತಾನೆ. ಮನೆ ಉಳಿಯುವುದೋ ಹೋಗುವುದೋ ಬಹುಮಟ್ಟಿಗೆ ಆ ದಿನವೇ ತೀರ್ಮಾನವಾಗುತ್ತದೆ.

ಇನ್ನು ಸ್ವಯಂಸೇವಕನು ಮಾಡಬಾರದುದು. 1961ರ ನ್ಯಾಯವಾದಿಗಳ ಅಧಿನಿಯಮದ ಪ್ರಕಾರ ವಕೀಲಿ ನಡೆಸುವ ಹಕ್ಕು ನೋಂದಾಯಿತ ನ್ಯಾಯವಾದಿಗೆ ಮಾತ್ರ. ಕಾನೂನು ಕಾಲೇಜಿನ ನೆರವು ಕೇಂದ್ರದ ವಿದ್ಯಾರ್ಥಿಯೂ ಈ ಗೆರೆಯನ್ನು ದಾಟುವಂತಿಲ್ಲ. ‘ನೀವು ಗೆಲ್ಲುತ್ತೀರಿ’ ಎಂದು ಭರವಸೆ ಕೊಡುವುದು, ರಾಜಿಗೆ ಒತ್ತಾಯಿಸುವುದು ಇವೂ ನಿಷಿದ್ಧವೆಂದೇ ಕಲಿಸಬೇಕು. ಲೋಕ ಅದಾಲತ್ತಿನ ತೀರ್ಪಿನ ಮೇಲೆ ಅಪೀಲು ಇಲ್ಲವೆಂಬುದನ್ನು ರುಜು ಹಾಕುವುದಕ್ಕೆ ಮೊದಲೇ ಕಕ್ಷಿಗಾರನಿಗೆ ತಿಳಿಸದವನು ಸೇವಕನಾಗಲಾರ.

ಸ್ವಯಂಸೇವಕನು ಕರೆತಂದವನನ್ನು ಎದುರುಗೊಳ್ಳುವ ವಕೀಲರ ಮಾತೂ ಇಲ್ಲಿ ಬರಬೇಕು. ಪ್ರಾಧಿಕಾರವು ನೇಮಿಸಿದ ವಕೀಲರಿಗೆ ಸಾರ್ವಜನಿಕ ಹಣದಿಂದ ಸಂಭಾವನೆಯುಂಟು. ಪ್ರೊ ಬೊನೊ ಎಂಬುದು ಲೋಕಹಿತಕ್ಕಾಗಿ ವಕೀಲರು ತಾವಾಗಿ ಶುಲ್ಕವಿಲ್ಲದೆ ಮಾಡುವ ಕೆಲಸ; ಇಂತಹವರನ್ನು ಕಕ್ಷಿಗಾರರೊಡನೆ ಕೂಡಿಸಲು ಕೇಂದ್ರ ಸರ್ಕಾರವು 2017ರಲ್ಲಿ ‘ನ್ಯಾಯಬಂಧು’ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿರ್ಗತಿಕರಿಗೆ ಉಚಿತವಾಗಿ ನೆರವಾಗುವುದನ್ನು ನ್ಯಾಯವಾದಿಯ ಅತ್ಯುನ್ನತ ಹೊಣೆಗಳಲ್ಲಿ ಒಂದೆಂದು ಎಣಿಸುತ್ತವೆ. ಆದರೆ ಶುಲ್ಕವಿಲ್ಲದ ಮೊಕದ್ದಮೆಯನ್ನು ಕಿರಿಯರಿಗೆ ಒಪ್ಪಿಸಿ ಮರೆಯುವ ಅಭ್ಯಾಸವೂ ವೃತ್ತಿಯಲ್ಲಿ ಇಲ್ಲದಿಲ್ಲ. ಉಚಿತ ಕೆಲಸಕ್ಕೆ ಬೇರೆ ಅಳತೆಗೋಲು ಇರಲಾಗದೆಂಬುದು ನಮ್ಮ ನಿಶ್ಚಿತ ಮತ.

ಪಠ್ಯಕ್ರಮಗಳಲ್ಲಿ ಸಾಕಷ್ಟು ಗಮನಕ್ಕೆ ಬಾರದ ಒಂದು ತೊಡಕಿದೆ. ಕಕ್ಷಿಗಾರನು ವಕೀಲರಿಗೆ ಹೇಳಿದ ಗುಟ್ಟನ್ನು ಕಾನೂನು ಕಾಪಾಡುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವು ಈ ರಕ್ಷಣೆಯನ್ನು ದುಭಾಷಿಗಳಿಗೂ ವಕೀಲರ ಗುಮಾಸ್ತರು ಹಾಗೂ ನೌಕರರಿಗೂ ವಿಸ್ತರಿಸಿದೆ. ಗ್ರಾಮದ ನೆರವು ಕೇಂದ್ರದಲ್ಲಿ ಸ್ವತಂತ್ರವಾಗಿ ಕುಳಿತ ಸ್ವಯಂಸೇವಕನ ಹೆಸರು ಅಲ್ಲಿಲ್ಲ. ಹೀಗಿರುವಾಗ ಬಂಧಿತನಾದವನನ್ನು ‘ನೀನು ಮಾಡಿದೆಯಾ?’ ಎಂದು ಅವನು ಕೇಳಲೇಬಾರದು. ತಾನಾಗಿ ಹೇಳತೊಡಗಿದರೂ ವಕೀಲರು ಬರುವವರೆಗೆ ತಡೆಯಬೇಕು. ಅವನ ಪುಸ್ತಕದಲ್ಲಿ ಇರಬೇಕಾದುದು ಹೆಸರು, ಬಂಧಿಸಿದ ದಿನ ಮತ್ತು ಗಂಟೆ, ಠಾಣೆ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದ ವೇಳೆ, ಮನೆಯವರಿಗೆ ಸುದ್ದಿ ಮುಟ್ಟಿದೆಯೇ ಎಂಬುದು, ಇಷ್ಟೆ.