ತೂಕ ಇಳಿಕೆಯ ಸ್ತಬ್ಧಾವಸ್ಥೆ

ತೂಕ ಇಳಿಕೆಯ ಸ್ತಬ್ಧಾವಸ್ಥೆ ಎಂದರೆ ಆಹಾರ ನಿಯಂತ್ರಣ ಮತ್ತು ವ್ಯಾಯಾಮಗಳಿಂದ ಕ್ರಮವಾಗಿ ಇಳಿಯುತ್ತಿದ್ದ ದೇಹತೂಕವು, ಅದೇ ಕ್ರಮವನ್ನು ಮುಂದುವರಿಸಿದರೂ ಹಲವು ವಾರ ಅಥವಾ ತಿಂಗಳುಗಳ ಕಾಲ ಇಳಿಯದೆ ನಿಲ್ಲುವ ಸ್ಥಿತಿ. ಪ್ರಯತ್ನ ಆರಂಭಿಸಿದ ಆರು ತಿಂಗಳ ಆಸುಪಾಸಿನಲ್ಲಿ ಇದು ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆ. ಇದನ್ನು ಸೋಲೆಂದು ಭಾವಿಸಿ ಅನೇಕರು ಪಥ್ಯವನ್ನೇ ಕೈಬಿಡುತ್ತಾರೆ. ಕಳೆದ ತೂಕ ಮರಳಿ ಬರುವುದಕ್ಕೆ ಅದೇ ದಾರಿಯಾಗುತ್ತದೆ.

ಕಾರಣಗಳು

ಮೊದಲ ವಾರಗಳಲ್ಲಿ ತೂಕ ಬೇಗ ಇಳಿಯುವುದು ಕೊಬ್ಬು ಕರಗಿದ್ದರಿಂದ ಮಾತ್ರವಲ್ಲ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಸಂಗ್ರಹವಾಗಿರುವ ಗ್ಲೈಕೋಜನ್ ಖರ್ಚಾಗುವಾಗ ಅದರೊಡನೆ ಸೇರಿದ್ದ ನೀರೂ ಹೊರಹೋಗುತ್ತದೆ. ಆ ಬಳಿಕ ಇಳಿಕೆ ನಿಧಾನವಾಗುವುದು ಸಹಜ. ಹಗುರಾದ ದೇಹವು ನಡೆಯಲು, ಏಳಲು, ಉಸಿರಾಡಲು ಮೊದಲಿಗಿಂತ ಕಡಿಮೆ ಶಕ್ತಿಯನ್ನು ಬಳಸುತ್ತದೆ. ಇದಲ್ಲದೆ ದೇಹವು ತನ್ನ ವ್ಯಯವನ್ನು ಇನ್ನಷ್ಟು ಬಿಗಿಹಿಡಿಯುತ್ತದೆ. ಕೊಬ್ಬಿನ ಕೋಶಗಳು ಸ್ರವಿಸುವ, 1994ರಲ್ಲಿ ಪತ್ತೆಯಾದ ಲೆಪ್ಟಿನ್ ಎಂಬ ಹಾರ್ಮೋನು ಕಡಿಮೆಯಾದಾಗ ಮಿದುಳು ಹಸಿವನ್ನು ಹೆಚ್ಚಿಸುತ್ತದೆ.

ಅಮೆರಿಕದ ವಿಜ್ಞಾನಿ ಕೆವಿನ್ ಹಾಲ್ ಮತ್ತು ಸಂಗಡಿಗರ ಅಂದಾಜಿನಂತೆ, ಇಳಿದ ಪ್ರತಿ ಕಿಲೋಗೆ ದಿನದ ಶಕ್ತಿವ್ಯಯ 20ರಿಂದ 30 ಕಿಲೋಕ್ಯಾಲೊರಿಯಷ್ಟು ತಗ್ಗುತ್ತದೆ; ಹಸಿವಾದರೋ ದಿನಕ್ಕೆ ಸುಮಾರು 100 ಕಿಲೋಕ್ಯಾಲೊರಿಯಷ್ಟು ಏರುತ್ತದೆ. ಹತ್ತು ಕಿಲೋ ಇಳಿಸಿದವರನ್ನು ಊಟದ ಎಲೆಯ ಮುಂದೆ ಎಳೆಯುವ ಬಲ ಎಷ್ಟೆಂಬುದನ್ನು ಇದರಿಂದ ಊಹಿಸಬಹುದು. ‘ಬಾಯಿಚಪಲ’ ಎಂದು ಹಳಿಯುವುದು ಈ ದೃಷ್ಟಿಯಿಂದ ಅನ್ಯಾಯವೇ ಸರಿ.

1944–45ರಲ್ಲಿ ಆನ್ಸೆಲ್ ಕೀಸ್ ನಡೆಸಿದ ಮಿನ್ನೆಸೋಟ ಉಪವಾಸ ಪ್ರಯೋಗದಲ್ಲಿ 36 ಆರೋಗ್ಯವಂತ ಯುವಕರು 24 ವಾರ ಅರೆಹೊಟ್ಟೆಯಲ್ಲಿದ್ದರು. ಅವರ ತೂಕ ನಾಲ್ಕನೆಯ ಒಂದು ಭಾಗದಷ್ಟು ಇಳಿಯಿತಾದರೂ ಕೊನೆಯ ವಾರಗಳಲ್ಲಿ ಇಳಿಕೆ ಬಹಳ ಮಂದವಾಯಿತು. ದಿನವಿಡೀ ಆಹಾರದ್ದೇ ಧ್ಯಾನ, ಖಿನ್ನತೆ, ನಿರಾಸಕ್ತಿಗಳು ಅವರಲ್ಲಿ ಕಂಡುಬಂದವು. ತೂಕ ನಿಂತಿತೆಂದು ಊಟವನ್ನು ಮತ್ತಷ್ಟು ಕಡಿತಗೊಳಿಸುವವರು ಗಮನಿಸಬೇಕಾದ ಸಂಗತಿಯಿದು.

ಹಾಸನ ಸೀಮೆಯ ಆಹಾರಕ್ರಮದಲ್ಲಿ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ಭಾಗದಲ್ಲಿ ಮುದ್ದೆ ತಿಂದರೆ ತೂಕ ಇಳಿಯುತ್ತದೆಂಬ ನಂಬಿಕೆಯಿದೆ. ಇದು ಅರ್ಧ ಸತ್ಯ. ನೂರು ಗ್ರಾಂ ರಾಗಿಯಲ್ಲಿ ಸುಮಾರು 320, ಅಷ್ಟೇ ಅಕ್ಕಿಯಲ್ಲಿ ಸುಮಾರು 350 ಕಿಲೋಕ್ಯಾಲೊರಿಗಳಿರುತ್ತವೆ, ಅಂತರ ದೊಡ್ಡದೇನಲ್ಲ. ರಾಗಿಯ ಹೆಚ್ಚುಗಾರಿಕೆ ಅದರ ನಾರಿನಲ್ಲಿದೆ: ನೂರು ಗ್ರಾಮಿಗೆ ಸುಮಾರು 11 ಗ್ರಾಂ. ಆದರೆ ಮುದ್ದೆಗೆ ನಿಶ್ಚಿತ ಅಳತೆಯಿಲ್ಲ. ಹೊಲದಲ್ಲಿ ಉಳುವವನಿಗೆ ಕಟ್ಟಿದ ಮುದ್ದೆ, ಪೇಟೆಯಲ್ಲಿ ಕುಳಿತು ಕೆಲಸ ಮಾಡುವ ಅವನ ಮಗನ ತಟ್ಟೆಗೂ ಅದೇ ಗಾತ್ರದಲ್ಲಿ ಬೀಳುತ್ತದೆ. ಕೆಲವು ತಿಂಗಳ ಶಿಸ್ತಿನ ನಂತರ ಮುದ್ದೆ ತಿಳಿಯದಂತೆಯೇ ದೊಡ್ಡದಾಗುವುದೂ ಉಂಟು. ತೆಂಗಿನ ಸೀಮೆಯಾದ ಚನ್ನರಾಯಪಟ್ಟಣದ ಕಡೆ ಸಾರು, ಪಲ್ಯ, ಚಟ್ನಿಗಳಿಗೆಲ್ಲ ಕಾಯಿ ಬೀಳುತ್ತದೆ; ನೂರು ಗ್ರಾಂ ಹಸಿ ಕಾಯಿತುರಿಯಲ್ಲಿ 350ರಿಂದ 400 ಕಿಲೋಕ್ಯಾಲೊರಿಗಳಿವೆ. ಮಲೆನಾಡಿನ ಸೆರಗಿನಲ್ಲಿರುವ ಅರಕಲಗೂಡಿನಲ್ಲಿ ಮಳೆ ಹಿಡಿದಾಗ ಬೆಳಗಿನ ನಡಿಗೆ ತಪ್ಪುವುದು ಮತ್ತೊಂದು ಅಡಚಣೆ. ಆದ್ದರಿಂದ ತೂಕ ನಿಂತಾಗ ಒಂದೆರಡು ವಾರ ತಿಂದದ್ದನ್ನೆಲ್ಲ ಬರೆದಿಡುವುದು ಮೊದಲ ಉಪಾಯ. ಬಸ್ಸಾರಿನ ಸೊಪ್ಪು, ಕಾಳುಗಳ ಪಾಲನ್ನು ಹೆಚ್ಚಿಸಿ ಮುದ್ದೆಯ ಪಾಲನ್ನು ತಗ್ಗಿಸಿದರೆ ಹೊಟ್ಟೆಯೂ ತುಂಬುತ್ತದೆ.

ಉತ್ಸಾಹವನ್ನು ಉಳಿಸಿಕೊಳ್ಳುವುದು

ತಕ್ಕಡಿಯ ಮುಳ್ಳೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡವರು ಈ ಹಂತದಲ್ಲಿ ಬೇಗ ಎದೆಗುಂದುತ್ತಾರೆ. ಈ ವಿಷಯದಲ್ಲಿ ಭಾರತದ್ದೇ ಮಹತ್ವದ ಅಧ್ಯಯನವೊಂದಿದೆ. ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯ ಮೇಲೆ ಚೆನ್ನೈನ ಎ. ರಾಮಚಂದ್ರನ್ ಮತ್ತು ಸಂಗಡಿಗರು ನಡೆಸಿ 2006ರಲ್ಲಿ ಪ್ರಕಟಿಸಿದ ಭಾರತೀಯ ಮಧುಮೇಹ ತಡೆ ಕಾರ್ಯಕ್ರಮದಲ್ಲಿ, ಆಹಾರ ಮತ್ತು ನಡಿಗೆಯ ಕ್ರಮವನ್ನು ಪಾಲಿಸಿದವರಿಗೆ ಮಧುಮೇಹ ಬರುವ ಸಾಧ್ಯತೆ ಶೇಕಡ 28.5ರಷ್ಟು ತಗ್ಗಿತು. ವಿಶೇಷವೆಂದರೆ ಅವರ ತೂಕದಲ್ಲಿ ಗಮನಾರ್ಹ ಇಳಿಕೆಯೇ ಆಗಿರಲಿಲ್ಲ. ತಕ್ಕಡಿ ಅಲುಗದ ದಿನಗಳಲ್ಲಿಯೂ ನಡಿಗೆ ತನ್ನ ಕೆಲಸ ಮಾಡುತ್ತಿರುತ್ತದೆಂಬುದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಹೀಗಾಗಿ ರಕ್ತದ ಸಕ್ಕರೆ, ರಕ್ತದೊತ್ತಡ ಮತ್ತು ಸೊಂಟದ ಸುತ್ತಳತೆಗಳನ್ನೂ ದಾಖಲಿಸುವುದು ಒಳ್ಳೆಯದು. ಭಾರತೀಯರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದೆನ್ನಲಾಗುತ್ತದೆ. ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಏರುವಾಗ ಎಷ್ಟು ಬಾರಿ ನಿಲ್ಲಬೇಕಾಯಿತೆಂಬುದೂ ಒಂದು ಲೆಕ್ಕವೇ. ತೂಕವನ್ನು ವಾರಕ್ಕೊಮ್ಮೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಒಂದೇ ತಕ್ಕಡಿಯಲ್ಲಿ ನೋಡಬೇಕು. ಉಪ್ಪು ಹೆಚ್ಚಾದ ಹಬ್ಬದೂಟದ ಮರುದಿನ ಏರಿದ ಒಂದು ಕಿಲೋ ಬಹುತೇಕ ನೀರು. ಕೆಲವು ತಿಂಗಳು ಇಳಿಸುವ ಪ್ರಯತ್ನ ಬಿಟ್ಟು, ಇರುವ ತೂಕವನ್ನು ಕಾಯ್ದುಕೊಳ್ಳುವುದನ್ನೇ ಗುರಿಯಾಗಿಸಿಕೊಳ್ಳುವುದೂ ಒಪ್ಪತಕ್ಕ ಕ್ರಮ.

ವೈದ್ಯಕೀಯ ಸಲಹೆ

ಥೈರಾಯ್ಡ್ ಗ್ರಂಥಿಯ ಮಂದಗತಿ, ಪಿಸಿಒಡಿ, ಸ್ಟೀರಾಯ್ಡ್ ಮತ್ತು ಕೆಲವು ಮಾನಸಿಕ ರೋಗಗಳ ಔಷಧಿಗಳು ಕೂಡ ತೂಕ ಇಳಿಯದಂತೆ ತಡೆಯಬಲ್ಲವು. ಆಯಾಸ, ಮುಟ್ಟಿನ ಏರುಪೇರು, ಕಾಲುಬಾವು ಜೊತೆಗಿದ್ದರೆ ವೈದ್ಯರನ್ನು ಕಾಣಬೇಕು. ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿಯಬಹುದು.